ಎಡ ಮುಂಗಾಲಿನ ಹಳೇ ಗಾಯ

ಚಲುವಯ್ಯ ಎದೆಯಿಲ್ಲದ ಮನುಷ್ಯ. ತಾಂಡವಪುರದ ಸುತ್ತಮುತ್ತ ಅವನನ್ನು ಬಲ್ಲ ಯಾರನ್ನು ಕೇಳಿದರೂ ಇದೇ ಮಾತು. ಹೆತ್ತ ಮಗಳು ಮಂಗಳಮ್ಮನನ್ನು ಕೇಳಿದರೆ ಅವಳೂ ತಡಮಾಡದೆ ಹೌದು ಎನ್ನುತ್ತಿದ್ದಳು. ಸುಳ್ಳು ಹೇಳುವವನಲ್ಲ, ಕುಡಿಯುವವನಲ್ಲ, ಇನ್ನೊಬ್ಬರ ಒಂದು ಹಿಡಿ ಹುಲ್ಲಿಗೂ ಕೈ ಚಾಚಿದವನಲ್ಲ. ಇಷ್ಟೆಲ್ಲ ಒಳ್ಳೆಯ ಗುಣಗಳನ್ನು ಇಟ್ಟುಕೊಂಡು ಒಬ್ಬ ಮನುಷ್ಯ ಎಷ್ಟು ಮನೆ ಕೆಡಿಸಬಲ್ಲ ಎಂಬುದನ್ನು ಅವನನ್ನು ನೋಡಿ ತಿಳಿಯಬೇಕಿತ್ತು.

ಮೈಸೂರಿನ ಒಬ್ಬ ಶ್ರೀಮಂತರ ಕುದುರೆ ಲಾಯದಲ್ಲಿ ಅವನು ಮೂವತ್ತನಾಲ್ಕು ವರ್ಷ ಸೈಸ್ ಆಗಿದ್ದ. ಸೈಸ್ ಎಂದರೆ ಕುದುರೆಯ ಮೈ ಉಜ್ಜುವವನು, ಹುಲ್ಲು ನೀರು ಇಡುವವನು, ಲದ್ದಿ ಎತ್ತುವವನು. ಕುದುರೆಯ ಮೇಲೆ ಕೂರುವ ಜನ ಬೇರೆ. ಕೆಳಗೆ ನಿಂತೇ ಬದುಕು ಕಳೆದವನಿಗೆ ಕಣ್ಣೆದುರು ಸದಾ ಇದ್ದದ್ದು ಕಾಲು. ಹಾಗಾಗಿ ಕುದುರೆಯ ಕಾಲಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಉಳಿಯಲಿಲ್ಲ.

ಬೇರೆಯವರು ಕುಂಟು ಹುಡುಕಲು ಕಾಲು ನೋಡುತ್ತಿದ್ದರು. ಚಲುವಯ್ಯ ತಲೆ ನೋಡುತ್ತಿದ್ದ. ನೋಯುವ ಮುಂಗಾಲು ನೆಲ ಮುಟ್ಟಿದಾಗ ಕುದುರೆ ತಲೆ ಎತ್ತುತ್ತದೆ, ಗಟ್ಟಿ ಕಾಲು ಊರಿದಾಗ ತಗ್ಗಿಸುತ್ತದೆ. ಹಿಂಗಾಲಾದರೆ ಸೊಂಟದ ಏರಿಳಿತ ನೋಡಬೇಕು. ಹೊಸ ಪೆಟ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಊತವಿರುತ್ತದೆ, ಮುಟ್ಟಿದರೆ ಬಿಸಿ ಇರುತ್ತದೆ. ಹಳೆಯ ಪೆಟ್ಟು ಕಳ್ಳ. ಅದು ನಡೆದರೆ ಅಡಗುತ್ತದೆ, ನಿಂತರೆ ಎದ್ದು ಬರುತ್ತದೆ. ಅದಕ್ಕೇ ಮಾರುವವರು ಗಿರಾಕಿ ಬರುವ ಮೊದಲು ಕುದುರೆಯನ್ನು ಒಂದು ಮೈಲಿ ನಡೆಸಿ ಕಾಲು ಬೆಚ್ಚಗೆ ಮಾಡಿ ನಿಲ್ಲಿಸಿರುತ್ತಾರೆ. ಚಲುವಯ್ಯ ಹೋದವನೇ ಒಂದು ಲೋಟ ನೀರು ಕೇಳಿ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಮಾರುವವನ ಮಾತೆಲ್ಲ ಮುಗಿದು, ಕುದುರೆಯ ಕಾಲು ತಣ್ಣಗಾಗುವವರೆಗೆ ಏಳುತ್ತಿರಲಿಲ್ಲ.

ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೂ ಮದುವೆ ಮೆರವಣಿಗೆಗೆ ಕುದುರೆ ಇಡುವವರು, ರೆಸಾರ್ಟಿನವರು, ಜಟಕಾದವರು ಕೊಳ್ಳುವ ಮುಂಚೆ ಅವನನ್ನು ಕರೆದೊಯ್ಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅದೇ ಊರಿನ ನಿಂಗರಾಜು ತನ್ನ ಕಂದು ಕುದುರೆಯನ್ನು ಮಾರಲು ಹೊರಟಿದ್ದ. ಅದಕ್ಕೆ ಬಲ ಮುಂಗಾಲು ಸಣ್ಣಗೆ ಕುಂಟು. ನಿಂಗರಾಜು ಯಾರೋ ಹೇಳಿಕೊಟ್ಟಂತೆ ಎಡಗಾಲಿನ ಲಾಳದ ಸಂದಿಗೆ ಒಂದು ಜಲ್ಲಿಕಲ್ಲು ಸಿಕ್ಕಿಸಿದ. ಎರಡೂ ಕಾಲು ನೊಂದರೆ ತಲೆ ಎತ್ತಲು ಯಾವ ಕಾಲಿಗೂ ಹೆಚ್ಚಿಗೆ ಕಾರಣವಿರುವುದಿಲ್ಲ, ನಡಿಗೆ ಸಮ ಕಾಣುತ್ತದೆ. ಗಿರಾಕಿ ಮೆಚ್ಚಿದ್ದ. ಚಲುವಯ್ಯ ಎಡಗಾಲು ಎತ್ತಿ, ಕಡ್ಡಿಯಿಂದ ಕಲ್ಲು ತೆಗೆದು, ಗಿರಾಕಿಯ ಕೈಗೆ ಕೊಟ್ಟ. "ಈಗ ಓಡ್ಸಿ ನೋಡಿ" ಅಂದ.

ನಿಂಗರಾಜುವಿಗೆ ಆ ವಾರ ಹೆಂಡತಿಯ ಆಪರೇಶನ್ ಇತ್ತು. ಅದು ಊರಿಗೆಲ್ಲ ಗೊತ್ತಿತ್ತು, ಚಲುವಯ್ಯನಿಗೂ. ಮಾರಾಟವಾಗದ ಕುದುರೆಯನ್ನು ಮೇಯಿಸಲಾಗದೆ ನಿಂಗರಾಜು ಅದನ್ನು ಹೆದ್ದಾರಿಗೆ ಬಿಟ್ಟ. ಹದಿನೈದು ದಿನಕ್ಕೆ ಲಾರಿ ಹೊಡೆಯಿತು. "ಅಲ್ಲ ಕಣಯ್ಯ, ಒಂದ್ ಕಲ್ಲು ಕಾಣ್ದಂಗೆ ಇದ್ದಿದ್ರೆ ನಿನ್ನ ಗಂಟೇನ್ ಓಗ್ತಿತ್ತು?" ಎಂದು ಅರಳಿಕಟ್ಟೆಯಲ್ಲಿ ಕೇಳಿದವರಿಗೆ ಅವನು ಹೇಳಿದ್ದು ಇಷ್ಟೇ: "ಕಾಲ್ ನೋಡು ಅಂದ್ರು. ನೋಡ್ದೆ."

ಆದರೆ ಊರು ಅವನನ್ನು ಎದೆಯಿಲ್ಲದವನು ಎಂದು ತೀರ್ಮಾನಿಸಿದ್ದು ನಿಂಗರಾಜುವಿನ ಕಾಲದಲ್ಲಲ್ಲ. ಅದಕ್ಕೂ ಹದಿನಾಲ್ಕು ವರ್ಷ ಹಿಂದೆ, ಮಂಗಳಮ್ಮನನ್ನು ನೋಡಲು ಗಂಡಿನವರು ಬಂದ ದಿನ.

ಮಂಗಳಮ್ಮನಿಗೆ ಒಂಬತ್ತು ವರ್ಷವಿದ್ದಾಗ ಹುಣಸೆ ಮರದಿಂದ ಬಿದ್ದು ಬಲತೊಡೆ ಮುರಿದಿತ್ತು. ಆ ವಾರ ಚಲುವಯ್ಯ ಮನೆಯಲ್ಲಿರಲಿಲ್ಲ. ಲಾಯದಲ್ಲಿ ಯಜಮಾನರ ಕುದುರೆಯೊಂದಕ್ಕೆ ಕಾಲು ಉಳುಕಿತ್ತು. ನಾಲ್ಕು ದಿನ ಅದರ ಪಕ್ಕದಲ್ಲೇ ಮಲಗಿ ತಣ್ಣೀರು ಪಟ್ಟಿ ಕಟ್ಟುತ್ತಿದ್ದ. ಕುದುರೆ ವಾಸಿಯಾಯಿತು. ಇತ್ತ ಅವನ ಹೆಂಡತಿ ಮಗಳನ್ನು ಪಕ್ಕದೂರಿನ ನಾಟಿ ವೈದ್ಯನ ಬಳಿ ಹೊತ್ತೊಯ್ದು ಬಿದಿರು ದಬ್ಬೆ ಕಟ್ಟಿಸಿದ್ದಳು. ಮೂಳೆ ಕೂಡಿತು, ಎರಡು ಬೆರಳು ಗಿಡ್ಡವಾಗಿ ಕೂಡಿತು. ಮನೆಗೆ ಬಂದ ಚಲುವಯ್ಯ ಮಗಳನ್ನು ಅಂಗಳದಲ್ಲಿ ನಡೆಸಿ ನೋಡಿ, "ಇದು ಇನ್ ಸರಿ ಓಗಾಕಿಲ್ಲ" ಎಂದು ಒಳಗೆ ಹೋದ. ಸಮಾಧಾನದ ಮಾತು ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಂಗಳಮ್ಮ ಓದಿದಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿದಳು. ಇಪ್ಪತ್ತನಾಲ್ಕಕ್ಕೆ ಸಂಬಂಧ ಬಂತು. ಹುಡುಗ ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್. ತಾಯಿ ಎಲ್ಲವನ್ನೂ ಯೋಚಿಸಿಟ್ಟಿದ್ದಳು. ಗಂಡಿನವರು ಬರುವ ಮೊದಲೇ ಹುಡುಗಿಯನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿರುವುದು. ಕಾಫಿ ಕೊಡುವವಳು ಚಿಕ್ಕಮ್ಮ. ಅವರು ಹೋದ ಮೇಲೆ ಹುಡುಗಿ ಏಳುವುದು. ಹೀಗೆ ಮಾಡಿ ಎಷ್ಟೋ ಮನೆಗಳಲ್ಲಿ ಮದುವೆ ದಾಟಿಸಿದ್ದರು. ತಾಳಿ ಬಿದ್ದ ಮೇಲೆ ಯಾರು ಏನು ಮಾಡಿಯಾರು?

ಉಪ್ಪಿಟ್ಟು ಮುಗಿದಿತ್ತು. ಹುಡುಗನ ಸೋದರಮಾವ "ನಮ್ಗೆ ಒಪ್ಗೆ" ಎಂದು ಬಾಯಿ ತೆರೆಯುವುದರಲ್ಲಿದ್ದ. ಬಾಗಿಲ ಬಳಿ ನಿಂತಿದ್ದ ಚಲುವಯ್ಯ, "ಮಗ, ಎದ್ದು ಆ ಗ್ವಾಡೆಗಂಟ ಓಗಿ ಬಾ" ಅಂದ.

ಯಾರಿಗೂ ಅರ್ಥವಾಗಲಿಲ್ಲ. ಮಂಗಳಮ್ಮನಿಗೆ ಆಯಿತು. ಎದ್ದಳು. ಎಂಟು ಹೆಜ್ಜೆ ಹೋದಳು, ಎಂಟು ಹೆಜ್ಜೆ ಬಂದಳು. ಗಂಡಿನವರ ಕಣ್ಣುಗಳು ಅವಳ ಮುಖವನ್ನು ಬಿಟ್ಟು ಸೀರೆಯ ಅಂಚಿಗೆ ಇಳಿದವು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಎದ್ದರು.

ಅಂದು ತಾಯಿ ಅವನ ಕಾಲರಿಗೆ ಕೈಹಾಕಿದ್ದಳು. "ಕುದ್ರೆ ತೋರ್ಸ್ದಂಗೆ ತೋರುಸ್ಬುಟ್ಟಲ್ಲೋ ಪಾಪಿ!"

"ಮುಚ್ಚಿ ಮಾರುದ್ ಕುದ್ರೆ ಆರ್ ತಿಂಗ್ಳಲ್ಲಿ ಒದೆ ತಿಂತದೆ" ಎಂದ ಚಲುವಯ್ಯ. "ನಾನ್ ನೋಡಿವ್ನಿ."

ಅದಾದ ಮೇಲೆ ಬದುಕಿದ್ದ ನಾಲ್ಕು ವರ್ಷ ಆಕೆ ಗಂಡನೊಡನೆ ಮಾತಾಡಲಿಲ್ಲ. ಸುದ್ದಿ ಹಬ್ಬಿತು, ಬೇರೆ ಸಂಬಂಧ ಬರಲಿಲ್ಲ. ಮಂಗಳಮ್ಮನಿಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಕೆಲಸ ಸಿಕ್ಕಿತು. ಈಗ ನಲವತ್ತೆರಡು. ವಾರವೆಲ್ಲ ತಿ. ನರಸೀಪುರದಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆ ಊರಿಗೆ ಬಂದು ಅಪ್ಪನ ಅಡಿಗೆ, ಬಟ್ಟೆ, ಮಾತ್ರೆ ನೋಡುವುದು. ಅದನ್ನು ಅವಳು ಪ್ರೀತಿಯೆಂದು ಕರೆಯುತ್ತಿರಲಿಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೆ.

ನರಸೀಪುರದ ಆ ಕೋಣೆ ರುದ್ರಮ್ಮನದು. ವರ್ಗವಾಗಿ ಬಂದ ಹೊಸತರಲ್ಲಿ ಮಂಗಳಮ್ಮ ಹನ್ನೊಂದು ಮನೆ ಕೇಳಿದ್ದಳು. ಹನ್ನೊಂದರಲ್ಲೂ "ಯಾವ ಜನ ನೀವು?" ಎಂಬ ಪ್ರಶ್ನೆ, ಉತ್ತರ ಕೇಳಿದ ಮೇಲೆ "ಮನೆ ಆಗಲೇ ಮಾತಾಗೋಗಿದೆ" ಎಂಬ ಉತ್ತರ. ರುದ್ರಮ್ಮ ಕೇಳಿದ್ದು ಒಂದೇ. "ನೀರು ದಂಡ ಮಾಡ್ತೀಯಾ?" ಇಲ್ಲವೆಂದಾಗ ಬೀಗದ ಕೈ ಎಸೆದಿದ್ದಳು. ಹಾಗೆಂದು ರುದ್ರಮ್ಮ ಒಳ್ಳೆಯವಳೇನಲ್ಲ. ಬಾಯಿಬಡುಕಿ, ಜಂಬದವಳು, ದಿನಕ್ಕೊಮ್ಮೆ ಯಾರೊಂದಿಗಾದರೂ ಜಗಳವಾಡದೆ ಊಟ ಸೇರುತ್ತಿರಲಿಲ್ಲ. ಗಂಡ ಸಾಯುವಾಗ ಬಿಟ್ಟುಹೋದದ್ದು ಎರಡು ಕೋಣೆಯ ಮನೆ, ಹಿಂದೊಂದು ಕೊಟ್ಟಿಗೆ, ಅದರಲ್ಲೊಂದು ಬಿಳಿ ಹೆಣ್ಣು ಕುದುರೆ. ಅದರ ಹೆಸರು ಬೆಳ್ಳಿ. ಭಾನುವಾರ ಸಂಗಮಕ್ಕೆ ಬರುವ ಮಕ್ಕಳನ್ನು ಬೆಳ್ಳಿಯ ಮೇಲೆ ಕೂರಿಸಿ ಮರಳಿನಲ್ಲಿ ಒಂದು ಸುತ್ತು ಹಾಕಿಸುವುದು, ಲಗ್ನದ ದಿನಗಳಲ್ಲಿ ಮದುಮಗನನ್ನು ಹೊರಿಸುವುದು. ರುದ್ರಮ್ಮನ ಅನ್ನ ಅದರಿಂದಲೇ.

ಕುದುರೆ ಕೊಂಡಾಗ ಗಂಡನ ಅಣ್ಣನೂ ಪಾಲು ಹಾಕಿದ್ದ. ಈಗ ಆ ಅಣ್ಣನ ಮಗ ಮದನ್ ಅದನ್ನು ಮಾರಬೇಕೆಂದು ಹಟ ಹಿಡಿದಿದ್ದ. ಮನೆತನದ ಹಿರಿಯರು ಕೂತು ತೀರ್ಮಾನ ಮಾಡಿದರು: ಯುಗಾದಿಯೊಳಗೆ ಗಿರಾಕಿ ಸಿಕ್ಕರೆ ಮಾರಾಟ, ಸಿಗದಿದ್ದರೆ ಕುದುರೆ ರುದ್ರಮ್ಮನಿಗೇ, ಮದನ್ ಮತ್ತೆ ಬಾಯಿ ತೆರೆಯಬಾರದು. ಯುಗಾದಿಗೆ ಐದು ದಿನವಿರುವಾಗ ಗಿರಾಕಿ ಸಿಕ್ಕ. ಸುತ್ತೂರು ರಸ್ತೆಯಲ್ಲಿ ರೆಸಾರ್ಟ್ ಮಾಡಿದ್ದ ರವಿಚಂದ್ರ. ಕುದುರೆ ಚಂದವಿದೆ, ಆದರೆ ಎಡ ಮುಂಗಾಲಿನ ಮೇಲೆ ಉದ್ದದ ಹಳೇ ಗಾಯದ ಗುರುತಿದೆ. ಚಲುವಯ್ಯ ನೋಡಿ ಸರಿ ಎಂದರೆ ಅಂದೇ ವ್ಯಾನಿನಲ್ಲಿ ಹತ್ತಿಸಿಕೊಂಡು ಹೋಗುತ್ತೇನೆ ಎಂದಿದ್ದ.

ಹೀಗೆ ಯುಗಾದಿಗೆ ಎರಡೇ ದಿನ ಉಳಿದಿದ್ದ ಆ ಭಾನುವಾರ ಅಪ್ಪ ಮಗಳು ಮೊದಲ ಬಸ್ಸಿಗೆ ನಂಜನಗೂಡಿಗೆ ಬಂದು ನರಸೀಪುರದ ಬಸ್ಸು ಹತ್ತಿದರು.

"ಅಪ್ಪ, ಆ ಕುದುರೆ ಹೋದ್ರೆ ರುದ್ರಮ್ಮನಿಗೆ ಬೇರೆ ದಾರಿ ಇಲ್ಲ" ಎಂದಳು ಮಂಗಳಮ್ಮ.

"ನನ್ ಕರ್ದಿರಾದು ಕಾಲ್ ನೋಡಕೆ. ರುದ್ರಮ್ಮುನ್ ನೋಡಕಲ್ಲ."

"ನೋಡಿದ್ದನ್ನೆಲ್ಲ ಹೇಳ್ಲೇಬೇಕಾ?"

"ಕೇಳುದ್ರೆ ಏಳ್ಬೇಕು."

"ಕೇಳದೇ ಇದ್ದಾಗ್ಲೂ ಹೇಳಿದ್ದೀಯಲ್ಲ."

ಚಲುವಯ್ಯ ಕಿಟಕಿಯ ಆಚೆ ನೋಡಿದ. ಹೊರಗೆ ಬೇಸಗೆ ಭತ್ತದ ಗದ್ದೆ, ಕಾಲುವೆ ನೀರು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗುತ್ತದೆಂದು ಅವಳು ಕಾದಿರಲೂ ಇಲ್ಲ. ಆದರೂ ಇನ್ನೊಂದು ಆಸೆ ಉಳಿದಿತ್ತು. ಗಾಯ ದೊಡ್ಡದು. ಒಳಗೆ ಎಲ್ಲಾದರೂ ನೋವು ಉಳಿದಿದ್ದರೆ ಅಪ್ಪನ ಸತ್ಯವೇ ರುದ್ರಮ್ಮನನ್ನು ಉಳಿಸುತ್ತಿತ್ತು. ಒಂದು ಮೂಕಪ್ರಾಣಿಗೆ ಕುಂಟು ಇರಲಿ ಎಂದು ತಾನು, ಬೇರೆ ಯಾರೂ ಅಲ್ಲ ತಾನು, ಬೇಡಿಕೊಳ್ಳುತ್ತಿರುವುದು ಅವಳಿಗೆ ನಾಚಿಕೆಯೆನಿಸಿತು. ಬೇಡಿಕೊಳ್ಳುವುದನ್ನು ನಿಲ್ಲಿಸಲಿಲ್ಲ.

ಮನೆಯ ಮುಂದೆ ವ್ಯಾನು ಬಂದು ನಿಂತಿತ್ತು. ರವಿಚಂದ್ರ ಎದ್ದು ಬಂದು ಕೈಮುಗಿದ. ಮದನ್ ಮುಗಿಯಲಿಲ್ಲ.

"ಸಾ, ಇವ್ರು ನಮ್ ಚಿಕ್ಕವ್ವನ್ ಬಾಡ್ಗೆ ಮೇಡಮ್ಮನ ಅಪ್ಪ ಕಣ್ರೀ" ಎಂದ ಮದನ್. "ನ್ಯಾಯ ಎತ್ಲಾಗ್ ವಾಲ್ತದೋ ನೀವೇ ನೋಡ್ಕಳಿ. ಬೇರೆ ಡಾಕ್ಟ್ರುನ್ನ ಕರ್ಸಾದು ವಾಸಿ."

ರವಿಚಂದ್ರ ನಕ್ಕ. "ಲೋ ಮದನ್, ನಿಂಗೆ ಇವರ ವಿಷಯ ಗೊತ್ತಿಲ್ಲ. ಸ್ವಂತ ಮಗಳಿಗೆ ಸಂಬಂಧ ಬಂದಾಗ, ಹುಡುಗಿ ಕಾಲು ಹೀಗಿದೆ ನೋಡ್ಕೊಳ್ಳಿ ಅಂತ ನಡೆಸಿ ತೋರಿಸಿದ ಮನುಷ್ಯ ಕಣೋ. ಮೈಸೂರಲ್ಲಿ ಕುದುರೆ ಸಾಕೋರಿಗೆಲ್ಲ ಆ ಕತೆ ಗೊತ್ತು. ಇನ್ನು ಯಾರದೋ ಕುದುರೆಗೆ ಸುಳ್ಳು ಹೇಳ್ತಾರಾ? ಡಾಕ್ಟರು ಬೇಡ, ಇವರ ಬಾಯಿ ಸಾಕು."

ಹೇಳಿ ಮುಗಿಸಿದ ಮೇಲೆ ಅವನ ಕಣ್ಣು ಮಂಗಳಮ್ಮನ ಎತ್ತರದ ಹಿಮ್ಮಡಿಯ ಬಲ ಚಪ್ಪಲಿಯ ಮೇಲೆ ಬಿತ್ತು. ಮುಖ ಪೆಚ್ಚಾಯಿತು. ಮಂಗಳಮ್ಮ ಚೀಲವನ್ನು ಕಟ್ಟೆಯ ಮೇಲಿಟ್ಟು, "ಕಾಫಿ ಕುಡೀತೀರಾ ಸಾರ್?" ಎಂದಳು. ಆ ಹದಿನಾರು ಹೆಜ್ಜೆ ಇಷ್ಟು ದೂರ ನಡೆದುಹೋಗಿವೆ ಎಂದು ಅವಳಿಗೆ ಈವರೆಗೆ ತಿಳಿದಿರಲಿಲ್ಲ.

ರುದ್ರಮ್ಮ ಬೆಳ್ಳಿಯನ್ನು ಹೊರತಂದಳು. ಮೈ ತೊಳೆದು, ಕತ್ತಿನ ಕೂದಲು ಬಾಚಿ, ಗೊರಸಿಗೆ ಎಣ್ಣೆ ಹಚ್ಚಿದ್ದಳು. ಮಾರಾಟ ತಪ್ಪಬೇಕೆಂದು ಮೂರು ದಿನದಿಂದ ಅಳುತ್ತಿದ್ದವಳು ಕುದುರೆಯನ್ನು ಮದುವಣಗಿತ್ತಿಯಂತೆ ಸಿಂಗರಿಸಿ ನಿಲ್ಲಿಸಿದ್ದಳು. ಕೊಳಕಾಗಿ ತೋರಿಸಲು ಅವಳಿಗೆ ಬರುತ್ತಿರಲಿಲ್ಲ. "ಗಾಯ ನೋಡಿ ಎದ್ರುಕೋಬ್ಯಾಡಿ" ಎಂದು ಅವಳೇ ಕೂಗಿ ಹೇಳಿದಳು. "ನನ್ ಕೂಸಿನ ಕಾಲಲ್ಲಿ ಒಂದ್ ಐಬು ತೋರುಸ್ಬುಡಿ, ನೋಡವಾ!"

"ಸುಮ್ನಿರಿ ಅಮ್ಮ" ಎಂದು ಮಂಗಳಮ್ಮ ಅವಳ ತೋಳು ಚಿವುಟಿದಳು.

"ಯಾಕವ್ವ ಸುಮ್ಕಿರ್ಲಿ? ಇದ್ದುದ್ ಏಳಕೆ ನನ್ಗೇನ್ ಬಯ್ವಾ?"

ಚಲುವಯ್ಯ ಎಂದಿನಂತೆ ಒಂದು ಲೋಟ ನೀರು ಕೇಳಿ ಕಟ್ಟೆಯ ಮೇಲೆ ಕೂತ. ಅರ್ಧ ಗಂಟೆ ಕಳೆಯಿತು. ಆಮೇಲೆ ಎದ್ದು, ಡಾಂಬರು ರಸ್ತೆಯ ಮೇಲೆ ಕುದುರೆಯನ್ನು ಓಡಿಸಲು ಮದನ್‌ಗೆ ಹೇಳಿದ. ತಾನು ಕಣ್ಣು ಮುಚ್ಚಿ ಲಾಳದ ಸದ್ದು ಕೇಳಿದ. ಮತ್ತೆ ಓಡಿಸಲು ಹೇಳಿ ಕಣ್ಣು ತೆರೆದು ನೋಡಿದ. ಬಿಗಿಯಾಗಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕಿಸಿದ. ಎಡ ಮುಂಗಾಲನ್ನು ಮಡಿಸಿ ಎತ್ತಿ ಹಿಡಿದು, ನೂರು ಎಣಿಸಿ, ಬಿಟ್ಟ ಕೂಡಲೇ ಓಡಿಸಿದ. ಹಳೆಯ ನೋವು ಎಷ್ಟೇ ಆಳದಲ್ಲಿದ್ದರೂ ಆಗ ಹೊರಗೆ ಬರಲೇಬೇಕು.

ಮಂಗಳಮ್ಮ ಕುದುರೆಯ ತಲೆಯನ್ನೇ ನೋಡುತ್ತಿದ್ದಳು. ಅಪ್ಪ ಅವಳನ್ನು ಕೂರಿಸಿಕೊಂಡು ಏನನ್ನೂ ಕಲಿಸಿರಲಿಲ್ಲ. ಆದರೆ ರಜೆಯಲ್ಲಿ ಬುತ್ತಿ ಕೊಡಲು ಲಾಯಕ್ಕೆ ಹೋಗುತ್ತಿದ್ದ ಹುಡುಗಿ ನಿಂತು ನಿಂತು ಇದೊಂದನ್ನು ಕಲಿತಿದ್ದಳು. ಬೆಳ್ಳಿಯ ತಲೆ ಏರಲಿಲ್ಲ, ತಗ್ಗಲಿಲ್ಲ. ತುಂಬಿದ ಕೊಡ ಹೊತ್ತವಳ ತಲೆಯಂತೆ ಒಂದೇ ಸಮ ಹೋಯಿತು, ಒಂದೇ ಸಮ ಬಂತು. ಸದ್ದೂ ಸಮ. ಆ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಮದನ್ ಆಗಲೇ ವ್ಯಾನಿನ ಹಿಂಬಾಗಿಲ ಕೊಂಡಿ ತೆಗೆಯುತ್ತಿದ್ದ.

ಚಲುವಯ್ಯ ಮೊಣಕಾಲೂರಿ ಕೂತು ಗಾಯದ ಗುರುತಿನ ಮೇಲೆ ಹೆಬ್ಬೆರಳು ಎಳೆದ. ಮೊಣಕಾಲಿನಿಂದ ಗೊರಸಿನವರೆಗೆ, ಹಿಂಬದಿಯ ನರದ ಉದ್ದಕ್ಕೂ.

"ಏನಾಗಿತ್ತು?"

"ಮುಳ್ತಂತಿ ಬೇಲಿ. ನರ ಕಾಣ್ತಿತ್ತು" ಎಂದಳು ರುದ್ರಮ್ಮ. "ದನದಾಸ್ಪತ್ರೆಯೋರು ಸೂಜಿ ಕೊಟ್ಟು ಸಾಯುಸ್ಬುಡವಾ ಅಂದ್ರು. ನಾನ್ ಒಪ್ನಿಲ್ಲ."

"ಕಟ್ಟು ಕಟ್ಟಿದ್ಯಾರು?"

"ಇನ್ಯಾರ್ ಕಟ್ತಾರೆ? ನಾನೇ. ಎಂಟ್ ತಿಂಗ್ಳು. ಬೆಳಿಗ್ಗೆ ಬಿಚ್ಚಾದು, ತೊಳ್ಯಾದು, ಕಟ್ಟಾದು. ಸಂಜೆ ತಿರ್ಗ ಬಿಚ್ಚಾದು. ಒಂದ್ ದಿನ ಸೊಟ್ಟುಗ್ ಕಟ್ಬುಟ್ರೆ ಸೊಟ್ಟುಗೇ ಕೂಡ್ಕತದೆ ಅಂತ ಎದ್ರುಕೆ. ನಮ್ ತಂಗಿ ಮಗ್ಳ ಮದ್ವೆಗೂ ಓಗ್ನಿಲ್ಲ ನಾನು."

ಚಲುವಯ್ಯನ ಹೆಬ್ಬೆರಳು ನಿಂತಿತು. ಅವನು ಆ ಕಾಲನ್ನು ಹಿಡಿದುಕೊಂಡೇ ಕೂತಿದ್ದ. ಎಷ್ಟು ಹೊತ್ತು ಕೂತನೆಂದರೆ ರವಿಚಂದ್ರ ಗಡಿಯಾರ ನೋಡಿಕೊಂಡ, ಕುದುರೆ ಬೇಸರದಿಂದ ಬಾಲ ಬೀಸಿತು. ಆಮೇಲೆ ಕಾಲು ಬಿಟ್ಟು, ನೆಲಕ್ಕೆ ಕೈಯೂರಿ ಕಷ್ಟಪಟ್ಟು ಎದ್ದ.

"ಕುಂಟು" ಎಂದ.

ಮದನ್ ಕೊಂಡಿ ಬಿಟ್ಟು ಓಡಿ ಬಂದ. "ಏನು? ಯಾವ್ ಕುಂಟು? ಈಗ ಓಡ್ಸುದ್ನಲ್ಲ, ಎಲ್ ಕುಂಟ್ತು?"

"ಹೌದಲ್ಲ ಚಲುವಯ್ಯನೋರೆ, ನನಗೂ ಏನೂ ಕಾಣ್ಲಿಲ್ಲ" ಎಂದ ರವಿಚಂದ್ರ.

"ಇವತ್ ಕಾಣಾಕಿಲ್ಲ ಸಾ. ಅಳೇ ಪೆಟ್ಟು, ಒಳಗವಿತ್ಕಂಡದೆ." ಅವನ ದನಿ ಎಂದಿನದೇ, ಒಂದು ಕೂದಲಿನಷ್ಟೂ ಏರಲಿಲ್ಲ, ಇಳಿಯಲಿಲ್ಲ. "ನಿಮ್ ಕಡೆ ಜಲ್ಲಿ ನೆಲ. ಒಂದ್ ಮಳೆಗಾಲ ತಡ್ಯಾಕಿಲ್ಲ. ಮಕ್ಳು ಬೇರೆ ಕೂತ್ಕತವೆ. ಬ್ಯಾಡಿ."

ರವಿಚಂದ್ರ ಕುದುರೆಯನ್ನು ಇನ್ನೊಮ್ಮೆ ನೋಡಿದ, ಆಸೆಯಿಂದ. ಆಮೇಲೆ ತಲೆಯಾಡಿಸಿ ಡ್ರೈವರನಿಗೆ ವ್ಯಾನು ತಿರುಗಿಸಲು ಸನ್ನೆ ಮಾಡಿದ. ಮದನ್ ಅವನ ಹಿಂದೆಯೇ ಹೋದ: "ಸಾ, ಒಂದ್ನಿಮಿಷ ಸಾ, ಡಾಕ್ಟ್ರುನ್ ಕರ್ಸನ ಸಾ..."

"ಬೇಡ ಕಣಪ್ಪ. ಅವರು ಹೇಳಿದ್ಮೇಲೆ ಮುಗೀತು."

ರುದ್ರಮ್ಮನಿಗೆ ಕುದುರೆ ಉಳಿಯಿತೆಂಬುದು ಇನ್ನೂ ತಲೆಗೆ ಹತ್ತಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಚಲುವಯ್ಯನ ಮುಂದೆ ಬಂದು ನಿಂತಿದ್ದಳು. "ನನ್ ಕುದ್ರೆ ಕುಂಟಾ? ನಿನ್ ಬಾಯ್ಗೆ ಉಳ ಬೀಳ! ಕಣ್ ಇಂಗೋದ್ ಮುದ್ಕ, ನಿನ್ನ ಯಾವನ್ಲಾ ಪರೀಕ್ಷೆಗ್ ಕರ್ದೋನು? ಎಂಟ್ ತಿಂಗ್ಳು ಕಟ್ಟಿವ್ನಿ ಕಣೋ ನಾನು, ಎಂಟ್ ತಿಂಗ್ಳು!"

ಮಂಗಳಮ್ಮ ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಕಾಫಿ ಲೋಟಗಳ ತಟ್ಟೆ ಕೈಯಲ್ಲೇ ಇತ್ತು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಅವಳ ಕಡೆ ನೋಡಲಿಲ್ಲ.

"ಎಲ್ಲುರ್ ಎದ್ರುಗೂ ಇನ್ನೊಂದ್ ಸಲ ಏಳು ನೋಡವಾ" ಎಂದು ರುದ್ರಮ್ಮ ಅವನ ಎದೆಯ ಬಳಿ ಬೆರಳು ತಂದಳು. "ಯಾವ್ ಕಾಲು ಕುಂಟು, ತೋರ್ಸು!"

ವ್ಯಾನು ತಿರುಗುತ್ತಿತ್ತು, ರವಿಚಂದ್ರನ ಕಿಟಕಿ ಇನ್ನೂ ತೆರೆದಿತ್ತು. ಚಲುವಯ್ಯ ಆ ಕಡೆಗೊಮ್ಮೆ ನೋಡಿ, ಅಲ್ಲಿಗೂ ಕೇಳಿಸುವಷ್ಟು ದೊಡ್ಡ ದನಿಯಲ್ಲಿ, ನಾಲ್ಕು ಕಾಲನ್ನೂ ಸಮವಾಗಿ ಊರಿ ನಿಂತಿದ್ದ ಕುದುರೆಯ ಕಡೆ ಕೈ ತೋರಿಸಿ, ಇನ್ನೊಂದು ಸಲ ಹೇಳಿದ:

"ಎಡ ಮುಂಗಾಲು. ಕುಂಟು."